ಕೊನೇ ಭಾಗದ ಎಂ.ಎಸ್.

ನಮ್ಮ ಅಕ್ಕನ ದೊಡ್ಡ ಮಗನಿಗೆ ಜೀವನದಲ್ಲಿ ಗುರಿ ಇಲ್ಲವೆಂದು ಮನೆಮಂದಿಯೆಲ್ಲ ಸೇರಿ ಇಪ್ಪತ್ತೆರಡು ವರ್ಷ ಬೈದೆವು. ಇದೆ ಎಂದು ಮೊದಲ ಸಲ ಪತ್ತೆ ಹಚ್ಚಿದ್ದು ಗಂಗಾವತಿಯ ಗೊಬ್ಬರದ ಅಂಗಡಿಯೊಂದರ ಮಾಳಿಗೆ ಮೇಲಿರುವ ಕನ್ಸಲ್ಟೆನ್ಸಿ. ಗುರಿಯ ಬೆಲೆ ಒಂಬತ್ತು ಸಾವಿರ ರೂಪಾಯಿ, ಜಿಎಸ್‌ಟಿ ಬೇರೆ.

ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅಂಕಪಟ್ಟಿ ಕಳಿಸಿದರೆ ಮುಗಿಯಲಿಲ್ಲ. 'ಸ್ಟೇಟ್‌ಮೆಂಟ್ ಆಫ್ ಪರ್ಪಸ್' ಅಂತ ಎರಡು ಪುಟ ಬರೆದು ಕಳಿಸಬೇಕು. ಯಾಕೆ ಓದುತ್ತೀ, ಓದಿ ಏನು ಮಾಡುತ್ತೀ ಎಂದು ಕೇಳುತ್ತಾರೆ. ಇಂಥ ಅಧಿಕಪ್ರಸಂಗದ ಪ್ರಶ್ನೆಯನ್ನು ನಮ್ಮ ಹುಡುಗನಿಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸೈನ್ಸ್ ತಗೊಂಡಿದ್ದು ಹತ್ತನೇ ತರಗತಿಯಲ್ಲಿ ಅಂಕ ಬಂದವು ಅಂತ. ಬೆಂಗಳೂರಿನಲ್ಲಿ ಬಿಇ ಸೀಟು ಸಿಕ್ಕಿದ್ದು ನಮ್ಮ ಭಾಗಕ್ಕೆ 371(ಜೆ) ಮೀಸಲಾತಿ ಇತ್ತು ಅಂತ. ಕಂಪ್ಯೂಟರ್ ಸೈನ್ಸ್ ಆರಿಸಿದ್ದು ಬಾಜೂ ಮನೆಯವನು ಆರಿಸಿದ್ದ ಅಂತ. ಬಾಜೂ ಮನೆಯವನು ಯಾಕೆ ಆರಿಸಿದ ಎಂಬುದು ಸಂಶೋಧನೆಗೆ ಒಳ್ಳೇ ವಿಷಯ, ಆದರೆ ಅದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ.

ಯಲಬುರ್ಗಾದಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದ ನನ್ನನ್ನು ಅಕ್ಕ ಜೊತೆಗೆ ಕಳಿಸಿದ್ದಳು. "ತಮ್ಮಾ, ನೀ ಪ್ರಬಂಧ ಬರಸಾಂವ ಅದೀ, ಬಾಜೂಕ ಕುಂದ್ರು" ಅಂದಿದ್ದಳು. ಕೆಳಗೆ ಯೂರಿಯಾ ವಾಸನೆ, ಮೇಲೆ ಎಸಿ ತಂಪು. ಗೋಡೆ ತುಂಬ ಪಂಜು ಹಿಡಿದ ಲಿಬರ್ಟಿ ದೇವಿಯ ಫ್ಲೆಕ್ಸು, ಪಕ್ಕದಲ್ಲೇ ಗವಿಸಿದ್ಧೇಶ್ವರ ಮಠದ ಕ್ಯಾಲೆಂಡರು. ಕಂಪ್ಯೂಟರ್ ಮುಂದೆ ಕೂತ ಹುಡುಗಿ ಗುರಿ ಟೈಪ್ ಮಾಡಲು ಸಜ್ಜಾಗಿದ್ದಳು.

"ಲೋಕಲ್ ಟಚ್ ಬೇಕ್ರಿ ಸರ್. ನಿಮ್ಮ ಊರಾಗ ಏನೇನ್ ಪ್ರಾಬ್ಲಮ್ ಅದಾವ ಹೇಳ್ರಿ."

ನಾನು ಉತ್ಸಾಹದಿಂದ ಶುರು ಮಾಡಿದೆ. ಗಟಾರ, ಬಸ್ ನಿಲ್ದಾಣದ ಮೂತ್ರಿಖಾನೆ, ನಾಲ್ಕು ದಿನಕ್ಕೊಮ್ಮೆ ಬರುವ ನಳದ ನೀರು.

"ಅವಲ್ರೀ ಸರ್. ಕಂಪ್ಯೂಟರ್‌ಲೆ ಬಗೀಹರಿಯೋವು ಹೇಳ್ರಿ."

ಕಂಪ್ಯೂಟರಿನಿಂದ ಬಗೆಹರಿಯುವ ಸಮಸ್ಯೆ ನಮ್ಮೂರಲ್ಲಿ ಒಂದೂ ಹೊಳೆಯಲಿಲ್ಲ. ಆಕೆಯೇ ದಾರಿ ತೋರಿಸಿದಳು. ಗಂಗಾವತಿಯವರಿಗೆ ಭತ್ತದ ಬೆಂಕಿ ರೋಗ. ಎಲೆಯ ಫೋಟೋ ತೆಗೆದರೆ ರೋಗ ಇದೆಯೋ ಇಲ್ಲವೋ ಎಂದು ಮಷೀನ್ ಲರ್ನಿಂಗ್ ಹೇಳಬೇಕು, ಅದೇ ಗುರಿ. ಕುಷ್ಟಗಿಯವರಿಗೆ ದಾಳಿಂಬೆ, ಅದರ ದುಂಡಾಣು ಅಂಗಮಾರಿ. ಕೊಪ್ಪಳದವರಿಗೆ ಕಿನ್ನಾಳ ಗೊಂಬೆ, ಅಳಿಯುತ್ತಿರುವ ಕಲೆಯನ್ನು ಎಐ ಉಳಿಸಬೇಕು. ಯಲಬುರ್ಗಾದವರಿಗೆ ಮಳೆ ಮುನ್ಸೂಚನೆ. ತಾಲ್ಲೂಕುವಾರು ಗುರಿಗಳ ಫೋಲ್ಡರೇ ಅಲ್ಲಿತ್ತು. ಕಂದಾಯ ಇಲಾಖೆಯವರು ಕೂಡ ಜಿಲ್ಲೆಯನ್ನು ಇಷ್ಟು ಅಚ್ಚುಕಟ್ಟಾಗಿ ವಿಂಗಡಿಸಿದ್ದನ್ನು ನಾನು ಕಂಡಿಲ್ಲ.

ಅರ್ಧ ತಾಸಿನಲ್ಲಿ ನನ್ನ ಅಳಿಯ ಹುಟ್ಟಿದಾಗಿನಿಂದ ಭತ್ತದ ಗದ್ದೆಯಲ್ಲೇ ಬೆಳೆದವನಾದ. ಬೆಂಕಿ ರೋಗಕ್ಕೆ ಸಿಕ್ಕ ತೆನೆ ಹಿಡಿದು ಅಜ್ಜ ಅಳುತ್ತಿದ್ದನಂತೆ. ಆ ಕಣ್ಣೀರನ್ನು ಆರು ವರ್ಷದ ಇವನು ಕಂಡು, ಕೋಡಿಂಗ್ ಕಲಿಯುತ್ತೇನೆಂದು ಪಣ ತೊಟ್ಟನಂತೆ. ಆ ಅಜ್ಜ ನನ್ನ ಅಕ್ಕನ ಮಾವ. ಅವರು ಅತ್ತದ್ದನ್ನು ನಾನು ನೋಡಿದ್ದು ಒಂದೇ ಸಲ, ಬಂಗಾರದ ಅಂಗಡಿಯಲ್ಲಿ. ಇನ್ನು ಅಳಿಯ ಗದ್ದೆಗೆ ಇಳಿದದ್ದೂ ಒಂದೇ ಸಲ, ರೀಲ್ಸ್ ಮಾಡಲು. ಅವತ್ತು ಇವನು ಸೋನಾ ಮಸೂರಿಯ ಪೈರನ್ನೂ ಅದರ ನಡುವಿನ ಕಸವನ್ನೂ ಒಂದೇ ಗೌರವದಿಂದ ತುಳಿದ.

"ಖೊಟ್ಟಿ ಅಲ್ಲೇನೋ ಇದು?" ಅಂದೆ.

"ಮಾಮಾ, ಎಲ್ಲಾರೂ ಹಿಂಗ ಬರೀತಾರ" ಅಂದ. ಮೂವತ್ತು ವರ್ಷ 'ನನ್ನ ಜೀವನದ ಗುರಿ' ಪ್ರಬಂಧ ತಿದ್ದಿದವನು ನಾನು. ಎಲ್ಲರೂ ಡಾಕ್ಟರಾಗಿ ಬಡವರ ಸೇವೆ ಮಾಡುತ್ತೇವೆಂದು ಬರೆದು ಹತ್ತಕ್ಕೆ ಏಳು ಅಂಕ ತಗೊಂಡು ಹೋದರು. ಬಾಯಿ ಮುಚ್ಚಿದೆ.

ಗುರಿ ಒಪ್ಪಿಗೆಯಾಯಿತು. ಟೆಕ್ಸಾಸ್ ರಾಜ್ಯದ ಡಲ್ಲಾಸ್ ಬಳಿಯ ಒಂದು ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಎಂ.ಎಸ್., 2023ರ ಆಗಸ್ಟಿಗೆ. ಮುಂದಿನ ಕೌಂಟರು ಬ್ಯಾಂಕು. ಅಲ್ಲಿಯ ಮ್ಯಾನೇಜರೂ ಅದೇ ಪ್ರಶ್ನೆ ಕೇಳಿದರು, ಮುಂದೇನು? ಅಳಿಯ ಬೆಂಕಿ ರೋಗ ಶುರು ಮಾಡಿದ. ಮ್ಯಾನೇಜರು ಕೈ ಅಡ್ಡ ಹಿಡಿದು, "ರೋಗ ಬಿಡಪ್ಪ, ಪಗಾರ ಎಷ್ಟು ಬರ್ತೈತಿ?" ಅಂದರು. ಅಲ್ಲಿಗೆ ಗುರಿ ಮೊದಲ ಸಲ ಬದಲಾಯಿತು. ಶಿಕ್ಷಣ ಸಾಲ ಏಳೂವರೆ ಲಕ್ಷ ದಾಟಿದರೆ ಅಡಮಾನ ಬೇಕು, ಕೃಷಿ ಜಮೀನು ನಡೆಯುವುದಿಲ್ಲ ಎಂದರು. ಭಾವನಿಗೆ ತುಂಗಭದ್ರಾ ಎಡದಂಡೆ ಕಾಲುವೆ ಕೆಳಗೆ ಎಂಟು ಎಕರೆ ಇದೆ. ವರ್ಷಕ್ಕೆ ಎರಡು ಬೆಳೆ ಕೊಡುವ ಆ ನೆಲ ಬ್ಯಾಂಕಿನ ಲೆಕ್ಕದಲ್ಲಿ ಶೂನ್ಯ. ಹಂದಿ ಮಲಗುವ 30-40 ಸೈಟು ಒಂದಿತ್ತು, ಅದಕ್ಕೆ ಮಾತ್ರ ಬೆಲೆ. ಹಂದಿಗಳನ್ನು ಓಡಿಸಿ ಫೋಟೋ ತೆಗೆದು ನಲವತ್ತು ಲಕ್ಷಕ್ಕೆ ಕಾಗದ ಮಾಡಿದರು.

ಮೂರನೆಯದು ಅಮೆರಿಕದವರದೇ ಕೌಂಟರು. ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಆದರೆ ವೀಸಾ ಮಾತ್ರ ಮುಂದೆ ಕೊಡುತ್ತೇವೆ ಅಂದರು. ಬೇರೆಯವರಿಗೆ ಇದು ವಿಚಿತ್ರ ಅನ್ನಿಸಿರಬಹುದು. 1997-98ರಲ್ಲಿ ಮಂಜೂರಾದ ರೈಲು ಮಾರ್ಗದಲ್ಲಿ ಗಂಗಾವತಿಗೆ ಗಾಡಿ ಬಂದದ್ದು 2019ರಲ್ಲಿ, ಹಾಗಾಗಿ ಉದ್ಘಾಟನೆ ಬೇರೆ, ಆರಂಭ ಬೇರೆ ಎಂಬುದು ನಮಗೆ ಕರಗತ. ಇವನ ಕಾಲಕ್ಕಂತೂ ಆ ಬೋರ್ಡೂ ಇರಲಿಲ್ಲ. ರಾತ್ರಿ ಬಸ್ಸಿಗೆ ಹೈದರಾಬಾದಿಗೆ ಹೋದೆವು. ಸಂದರ್ಶನಕ್ಕೆ ಮೊದಲು ಚಿಲಕೂರಿನ ಬಾಲಾಜಿಗೆ ಹನ್ನೊಂದು ಸುತ್ತು. ಅವನನ್ನು ಜನ ವೀಸಾ ಬಾಲಾಜಿ ಎಂದೇ ಕರೆಯುತ್ತಾರೆ. ವೀಸಾ ಸಿಕ್ಕ ಮೇಲೆ ನೂರೆಂಟು ಸುತ್ತಬೇಕು, ಆ ಲೆಕ್ಕದಲ್ಲಿ ದೇವರೂ ಕಂತು ಹಾಕಿಕೊಟ್ಟಿದ್ದಾನೆ.

ಅಮೆರಿಕದ ವಲಸೆ ಕಾನೂನಿನಲ್ಲಿ 214(ಬಿ) ಎಂಬ ಕಲಮು ಇದೆ. ಓದಲು ಬರುವವನು ಓದು ಮುಗಿಸಿ ವಾಪಸ್ಸು ಹೋಗುತ್ತಾನೆಂದು ಕಿಟಕಿಯ ಅಧಿಕಾರಿಗೆ ನಂಬಿಕೆ ಬರಬೇಕು, ಬರದಿದ್ದರೆ ವೀಸಾ ಇಲ್ಲ. ಹಾಗಾಗಿ ಮೂರನೇ ಗುರಿ, ತಾಯ್ನಾಡಿಗೆ ಮರಳುವುದು. ಹಿಂದಿನ ವಾರ ಬ್ಯಾಂಕಿನಲ್ಲಿ 'ಅಲ್ಲೇ ಇದ್ದು ಡಾಲರಿನಲ್ಲಿ ತೀರಿಸುತ್ತೇನೆ' ಎಂದ ಅದೇ ಬಾಯಿ, ಅದೇ ಅಂಗಿ. ನನಗೆ ಬಸ್ಸಿನಲ್ಲಿ ಹೊಳೆದದ್ದು ಇಷ್ಟು: ಈ ಕಲಮಿನ ಪ್ರಕಾರ ವೀಸಾಕ್ಕೆ ನಿಜವಾಗಿ ಯೋಗ್ಯನಾದವನು ನಮ್ಮ ತಾಲ್ಲೂಕಿನಲ್ಲಿ ಒಬ್ಬನೇ, ಅಂಜನಾದ್ರಿಯ ಹನುಮಪ್ಪ. ಸಮುದ್ರ ದಾಟಿದ, ಹೇಳಿದ ಕೆಲಸ ಮುಗಿಸಿದ, ಹೇಳಿದಂತೆ ತಿರುಗಿ ಬಂದ. ಬರುವಾಗ ಊರಿಗೆ ಬೆಂಕಿ ಹಚ್ಚಿ ಬಂದದ್ದನ್ನು ಅರ್ಜಿಯಲ್ಲಿ ತೋರಿಸಬಾರದು, ಅಷ್ಟೆ.

ಅಳಿಯನಿಗೆ ಕಿಟಕಿಯಲ್ಲಿ ಎರಡೇ ನಿಮಿಷ. ಭತ್ತ ಎಂದನಂತೆ, ಅಜ್ಜ ಎಂದನಂತೆ, ಮರಳಿ ಬರುವೆ ಎಂದನಂತೆ. ಪಾಸ್‌ಪೋರ್ಟು ಇಟ್ಟುಕೊಂಡರು. ಆ ಶೈಕ್ಷಣಿಕ ವರ್ಷ ಅಮೆರಿಕದಲ್ಲಿ ಓದುತ್ತಿದ್ದ ಭಾರತೀಯರು 3,31,602 ಮಂದಿ. ಅಷ್ಟೂ ಜನ ಮರಳಿ ಬರುತ್ತೇನೆಂದು ಆಣೆ ಮಾಡಿ ಹೋದವರೇ. ಒಂದೇ ದಿನ ಮರಳಿದರೆ ಶಂಷಾಬಾದ್ ವಿಮಾನ ನಿಲ್ದಾಣದ ಗತಿ ಏನು?

ಇನ್ನು ಅಲ್ಲಿಯ ಕಥೆ. ಅದಕ್ಕೆ ಮೊದಲು ನಮ್ಮ ಕ್ಯಾಂಪುಗಳ ಕಥೆ ಹೇಳಬೇಕು.

ಗಂಗಾವತಿಯಿಂದ ಕಾರಟಗಿ ಕಡೆ ಹೊರಟರೆ ಊರಿನ ಹೆಸರುಗಳ ಬಾಲಕ್ಕೆ 'ಕ್ಯಾಂಪ್' ಅಂಟಿಕೊಂಡಿರುತ್ತದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟೆ ಮುಗಿಯಿತು. ಕಾಲುವೆಯ ನೀರು ಬರುವ ಸುಳಿವು ಹಿಡಿದು ಕರಾವಳಿ ಆಂಧ್ರದ ರೈತರು ಗಂಟುಮೂಟೆ ಕಟ್ಟಿಕೊಂಡು ಬಂದರು. ನಮ್ಮವರು, "ಈ ಕರ್ಲ ಭೂಮಿಗೆ ಇಷ್ಟು ರೊಕ್ಕಾ ಕೊಡ್ತಾರಲ್ಲ, ಹುಚ್ಚರದಾರ" ಎಂದು ಒಳಗೊಳಗೇ ನಕ್ಕು, ಚೀಲದಲ್ಲಿ ದುಡ್ಡು ತುಂಬಿಕೊಂಡು ಹೊಲ ಬರೆದುಕೊಟ್ಟರು. ಬಂದವರು ಗುಡಿಸಲು ಹಾಕಿ, ಜಾಲಿ ಕಡಿದು, ನೆಲ ಸಮ ಮಾಡಿ ಭತ್ತ ಹಚ್ಚಿದರು. ನಮ್ಮ ಭಾವನ ಅಜ್ಜ ಅವತ್ತು ಮೂವತ್ತೆರಡು ಎಕರೆ ಮಾರಿ ಎಂಟು ಉಳಿಸಿಕೊಂಡ. ಕಾಲುವೆಗೆ ನೀರು ಬರುವ ಮೊದಲು ಹೊಲ ಮಾರುವುದು ಈ ಮನೆತನದ ಹಳೇ ವಿದ್ಯೆ.

ಅಳಿಯ ಡಲ್ಲಾಸ್ ಸೇರಿದ ಮೂರನೇ ದಿನ ವಿಡಿಯೋ ಕಾಲ್ ಮಾಡಿದ. ಎರಡು ಕೋಣೆಯ ಮನೆಯಲ್ಲಿ ಐದು ಹುಡುಗರು. ನಾಲ್ವರು ಗುಂಟೂರು, ವಿಜಯವಾಡದ ಕಡೆಯವರು. ಕೆಳಗೆ ತೆಲುಗು ಮೆಸ್ಸು, ಮೂಲೆಯ ಅಂಗಡಿಯಲ್ಲಿ ಗೋಂಗೂರ ಉಪ್ಪಿನಕಾಯಿ, ಶನಿವಾರ ತೆಲುಗು ಸಿನಿಮಾ. ಅವರಲ್ಲೊಬ್ಬ ಇವನ ಊರು ಕೇಳಿ, "ಗಂಗಾವತಿನಾ? ನಮ್ಮ ತಾತನ ತಮ್ಮಂದಿರು ಅಲ್ಲೇ ಕ್ಯಾಂಪ್‌ನಲ್ಲಿದ್ದಾರೆ" ಅಂದನಂತೆ. ಅಂದರೆ ಇವನ ಮುತ್ತಜ್ಜನಿಂದ ಹೊಲ ಕೊಂಡವರ ಮೊಮ್ಮಗನ ಜೊತೆ ಇವನೀಗ ಬಾಡಿಗೆ ಹಂಚಿಕೊಂಡಿದ್ದಾನೆ. "ಹೆಂಗನಸ್ತೈತೋ ಅಮೆರಿಕ?" ಎಂದು ಅಕ್ಕ ಕೇಳಿದಳು. "ಥೇಟ್ ಕ್ಯಾಂಪಿನಾಗ ಇದ್ದಂಗ ಐತವ್ವಾ" ಅಂದ. ಎರಡು ವರ್ಷದಲ್ಲಿ ಅವನ ಇಂಗ್ಲಿಷು ಸುಧಾರಿಸಿತೋ ಇಲ್ಲವೋ, ತೆಲುಗು ಮಾತ್ರ ಉತ್ತಮ ದರ್ಜೆಯಲ್ಲಿ ಪಾಸಾಗಿದೆ.

ಓದುವ ವೀಸಾದವರು ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ತಾಸು ಕ್ಯಾಂಪಸ್ಸಿನ ಒಳಗೆ ಮಾತ್ರ ದುಡಿಯಬಹುದು. ಇವನಿಗೆ ಊಟದ ಹಾಲಿನಲ್ಲಿ ತಟ್ಟೆ ತೊಳೆಯುವ ಮಷೀನಿಗೆ ತಟ್ಟೆ ಜೋಡಿಸುವ ಕೆಲಸ. ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಲಕ್ಷಗಟ್ಟಲೆ ಮಿರ್ಚಿ ಕರಿದು ದಾಸೋಹ ನಡೆಯುವಾಗ, "ಒಂದ್ ಪಂಕ್ತಿ ನೀಡೋ" ಅಂದರೆ ಅಂಗಿಗೆ ಎಣ್ಣೆ ಹತ್ತುತ್ತದೆಂದು ದೂರ ನಿಂತು ಸೆಲ್ಫಿ ತೆಗೆದುಕೊಂಡ ಆಸಾಮಿ ಇವನು. ಅಕ್ಕ ಓಣಿಯಲ್ಲಿ ಹೇಳಿದ್ದು, "ನಮ್ಮ ಹುಡುಗಗ ಯುನಿವರ್ಸಿಟಿಯಾಗ ನೌಕರಿ ಆತು". ಒಂದಕ್ಷರ ಸುಳ್ಳಿಲ್ಲ.

ಓದಿದ್ದು ಏನು ಎಂದು ನಾನೊಬ್ಬನೇ ಕೇಳಿದವನು. ಒಂದು ರಾತ್ರಿ ಪಾಪ, ಆಪರೇಟಿಂಗ್ ಸಿಸ್ಟಮ್ ಪರೀಕ್ಷೆಯ ಹಿಂದಿನ ದಿನ, 'ಡೆಡ್‌ಲಾಕ್' ಅಂದರೇನು ಎಂದು ಬಿಡಿಸಿ ಹೇಳಿದ. ಒಬ್ಬನ ಕೈಯಲ್ಲಿ ಹಗ್ಗ ಇದೆ, ಕೊಡ ಬೇಕು. ಇನ್ನೊಬ್ಬನ ಕೈಯಲ್ಲಿ ಕೊಡ ಇದೆ, ಹಗ್ಗ ಬೇಕು. ಇಬ್ಬರೂ ತಮ್ಮದನ್ನು ಬಿಡುವುದಿಲ್ಲ, ಬಾವಿಕಟ್ಟೆ ಮೇಲೆ ನಿಂತೇ ಇರುತ್ತಾರೆ, ನೀರು ಮೇಲೆ ಬರುವುದಿಲ್ಲ. ಎಷ್ಟು ಚೆನ್ನಾಗಿ ಹೇಳಿದ! ಹೆಮ್ಮೆಯಾಯಿತು. ಕಂಪನಿಗಳು ಅನುಭವ ಇದ್ದರೆ ನೌಕರಿ ಅನ್ನುತ್ತವೆ, ನೌಕರಿ ಇದ್ದರೆ ಅನುಭವ. ಆ ಪಾಠದ ಪ್ರಾಯೋಗಿಕ ಪರೀಕ್ಷೆ ಅವನಿಗೆ ಮುಂದೆ ಕಾದಿತ್ತು.

'ಕ್ಯೂ' ಎಂಬ ಇನ್ನೊಂದು ಪಾಠವನ್ನೂ ಹೇಳಿದ, ಮೊದಲು ಬಂದವನು ಮೊದಲು ಹೊರಗೆ. ಇದಕ್ಕೆ ಉದಾಹರಣೆ ನನಗೆ ಆಮೇಲೆ ಸಿಕ್ಕಿತು. ಅಮೆರಿಕದಲ್ಲಿ ಕಾಯಂ ಆಗಲು ಗ್ರೀನ್ ಕಾರ್ಡ್ ಬೇಕು. ಒಂದೊಂದು ದೇಶಕ್ಕೆ ಶೇ 7ರ ಮಿತಿ. ಭಾರತದವರ ಸಾಲು ಎಷ್ಟು ಉದ್ದವೆಂದರೆ, ಸ್ನಾತಕೋತ್ತರ ಓದಿದವರ ವರ್ಗದಲ್ಲಿ 2025ರ ಅಕ್ಟೋಬರಿನಲ್ಲಿ ಕೈಗೆತ್ತಿಕೊಂಡದ್ದು 2013ರ ಏಪ್ರಿಲ್ಲಿಗಿಂತ ಮೊದಲು ಸಾಲಿಗೆ ನಿಂತವರ ಕಡತಗಳನ್ನು. 2013 ಎಂದರೆ ನಮ್ಮ ಭಾಗಕ್ಕೆ 371(ಜೆ) ಜಾರಿಗೆ ಬಂದ ವರ್ಷ. ಆ ಮೀಸಲಾತಿಯಲ್ಲಿ ನೌಕರಿ ಹಿಡಿದವರು ಇಲ್ಲಿ ಬಡ್ತಿ ಪಡೆದು, ಮನೆ ಕಟ್ಟಿಸಿ, ಅಮಾನತ್ತಾಗಿ, ಮತ್ತೆ ಅದೇ ಕುರ್ಚಿಗೆ ಬಂದು ಕೂತಿದ್ದಾರೆ. ಅಲ್ಲಿ ಅದೇ ಕಾಲದವರು ಇನ್ನೂ ಸಾಲಿನಲ್ಲಿದ್ದಾರೆ.

2025ರ ಮೇ ತಿಂಗಳಲ್ಲಿ ಪದವಿ ಬಂತು. ಕಪ್ಪು ಗೌನು, ಚೌಕ ಟೋಪಿಯ ಫೋಟೋ ಓಣಿಯ ಫ್ಲೆಕ್ಸಿಗೆ ಏರಿತು. ಓದು ಮುಗಿಸಿದವರಿಗೆ ಅಮೆರಿಕ ಒಂದು ವರ್ಷ ಕೆಲಸ ಮಾಡಲು ಬಿಡುತ್ತದೆ, ಕಂಪ್ಯೂಟರಿನಂಥ ವಿಷಯದವರಿಗೆ ಮೇಲೆ ಇನ್ನೆರಡು ವರ್ಷ. ಆದರೆ ಆ ಮೊದಲ ವರ್ಷದಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಖಾಲಿ ಕೂರುವಂತಿಲ್ಲ, ಕೂತರೆ ಗಂಟು ಕಟ್ಟಬೇಕು. ಭಾವ ಕೇಳಿ ದಂಗಾದರು. "ಸೋನಾ ಮಸೂರಿ ಬರಾಕ ನೂರಾ ನಲವತ್ತು ದಿನ ಬೇಕು. ಮನಷ್ಯಾಗ ತೊಂಬತ್ತ ದಿನ ಅಂದ್ರ ಹೆಂಗ?" ಅವರ ಜೀವಮಾನದಲ್ಲಿ ಅಮೆರಿಕದ ಬಗ್ಗೆ ಆಡಿದ ಅತ್ಯಂತ ವಿವೇಕದ ಮಾತು ಇದು. ಯಾವ ಪತ್ರಿಕೆಯೂ ಬರೆದುಕೊಳ್ಳಲಿಲ್ಲ.

ಎಂಬತ್ತೊಂದನೇ ದಿನ ಕೆಲಸ ಸಿಕ್ಕಿತು. ಸಂಬಳ ಇಲ್ಲ. ಇದಕ್ಕೂ ಅಲ್ಲಿಯ ನಿಯಮದಲ್ಲಿ ಜಾಗ ಇದೆ. ಆ ಮೊದಲ ವರ್ಷದಲ್ಲಿ ತನ್ನ ವಿಷಯಕ್ಕೆ ಸಂಬಂಧಿಸಿದ ಕಡೆ ವಾರಕ್ಕೆ 20 ತಾಸಿಗೆ ಕಡಿಮೆಯಾಗದಂತೆ ಪುಕ್ಕಟೆ ದುಡಿದರೂ ದಿನಗಳ ಎಣಿಕೆ ನಿಲ್ಲುತ್ತದೆ. ನಲವತ್ತು ಲಕ್ಷ ಸಾಲ ಮಾಡಿ, ಹದಿನಾಲ್ಕು ಸಾವಿರ ಕಿಲೋಮೀಟರಿಗೂ ಮೇಲೆ ಹಾರಿ ಹೋಗಿ, ಬಿಟ್ಟಿ ಚಾಕರಿ. ಅಕ್ಕ ಇದಕ್ಕೂ ಶಬ್ದ ಹುಡುಕಿದಳು: "ನಮ್ಮ ಹುಡುಗ ಸೇವಾ ಮಾಡಾಕತ್ತಾನ." ಶಾಲೆಯ ಪ್ರಬಂಧದ ಗುರಿ ಕಡೆಗೂ ಈಡೇರಿತು. ಬಡವರು ಯಾರೆಂಬುದು ಮಾತ್ರ ಅದಲುಬದಲಾಯಿತು.

ಇಷ್ಟಾದ ಮೇಲೆ ಸೆಪ್ಟೆಂಬರು. ಅಮೆರಿಕದ ಅಧ್ಯಕ್ಷರು ಅಲ್ಲಿ ನೌಕರಿ ಮಾಡಲು ಬೇಕಾದ ಹೊಸ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಶುಲ್ಕ ಎಂದು ಘೋಷಿಸಿದರು. ಅವತ್ತಿನ ದರಕ್ಕೆ 88 ಲಕ್ಷ ರೂಪಾಯಿ. ಮಂಡಿಪೇಟೆಯ ಚಹಾ ಅಂಗಡಿಯಲ್ಲಿ ಕ್ವಿಂಟಾಲ್ ಲೆಕ್ಕದಲ್ಲಿ ಗುಣಾಕಾರ ನಡೆಯಿತು. ಎಷ್ಟು ಲಾರಿ ಅಕ್ಕಿ ಕಳಿಸಿದರೆ ಒಬ್ಬ ಹುಡುಗ ಅಲ್ಲಿ ಉಳಿಯಬಹುದು? ಅಮೆರಿಕದೊಳಗೇ ಓದಿ ಅಲ್ಲಿಂದಲೇ ವೀಸಾ ಬದಲಿಸಿಕೊಳ್ಳುವವರಿಗೆ ಈ ಶುಲ್ಕ ಹತ್ತುವುದಿಲ್ಲವೆಂದು ಅಕ್ಟೋಬರಿನಲ್ಲಿ ಅಲ್ಲಿಯವರೇ ಸ್ಪಷ್ಟನೆ ಕೊಟ್ಟರು. ಸ್ಪಷ್ಟನೆ ಗಂಗಾವತಿಗೆ ಮುಟ್ಟಲಿಲ್ಲ.

ಯಾಕೆ ಮುಟ್ಟಲಿಲ್ಲ ಎಂಬುದು ಕಾಲುವೆಯವರಿಗೆ ಗೊತ್ತು. ಎಡದಂಡೆ ಕಾಲುವೆಯನ್ನು ರೂಪಿಸಿದ್ದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ. ಮೇಲ್ಭಾಗದ ನಾವು ಭತ್ತ ಹಚ್ಚಿ ಹೊಲದಲ್ಲಿ ಕೆರೆ ಕಟ್ಟಿದೆವು. ಕೆಳಗೆ ಮಾನ್ವಿ, ಸಿರವಾರ, ರಾಯಚೂರಿನ 'ಟೇಲ್ ಎಂಡ್' ರೈತರು ಒಣ ಕಾಲುವೆಯಲ್ಲಿ ನಿಂತು ಧಿಕ್ಕಾರ ಕೂಗುವುದು ಪ್ರತಿವರ್ಷ ಪತ್ರಿಕೆಯಲ್ಲಿ ಬರುತ್ತದೆ. ನಾವು ಅದನ್ನು ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನುತ್ತ ಓದುತ್ತೇವೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ಒಂದು ವಾರ ನಮಗೂ ಟೇಲ್ ಎಂಡಿನ ರುಚಿ ತಿಳಿಯಿತು. ಗೇಟಿನ ಜಾಗಕ್ಕೆ ತಾತ್ಕಾಲಿಕ ಬಾಗಿಲು ಕೂತ ಕೂಡಲೇ ಮರೆತೆವು.

ಎಚ್-1ಬಿ ಎಂಬ ಕಾಲುವೆಯಲ್ಲಿ ವರ್ಷಕ್ಕೆ ಹರಿಯುವುದು 65 ಸಾವಿರ, ಅಲ್ಲೇ ಮಾಸ್ಟರ್ಸ್ ಓದಿದವರಿಗೆ ಮೇಲೆ 20 ಸಾವಿರ. ಕೈಯೊಡ್ಡಿದವರು ಅದರ ಎಷ್ಟೋ ಪಟ್ಟು, ಹಾಗಾಗಿ ಚೀಟಿ ಎತ್ತುತ್ತಾರೆ. ಈ ಸಲದಿಂದ ಅದರಲ್ಲೂ ಹೊಸ ಪದ್ಧತಿ: ಮೇಲಿನ ದರ್ಜೆಯ ಸಂಬಳದವನ ಹೆಸರಲ್ಲಿ ನಾಲ್ಕು ಚೀಟಿ, ಕೆಳಗಿನ ದರ್ಜೆಯವನಿಗೆ ಒಂದು. ದೊಡ್ಡ ಹೊಲದವನು ಪೈಪು ಹಾಕಿ ಎತ್ತಿಕೊಂಡ ಮೇಲೆ ಉಳಿದರೆ ಸಣ್ಣವನಿಗೆ. ನಮ್ಮದೇ ನಿಯಮ, ನಮ್ಮದೇ ಮೇಲ್ಭಾಗದ ನ್ಯಾಯ. ಅದನ್ನು ಇಂಗ್ಲಿಷಿನಲ್ಲಿ ಓದಿದಾಗ ಭಾವನಿಗೆ ಅನ್ಯಾಯ ಅನ್ನಿಸಿತು. "ಕೊನೀ ಭಾಗದವರ್ನ ಕೇಳೋರು ಯಾರೂ ಇಲ್ಲೇನು?" ಎಂದು ನನ್ನೆದುರು ಕೂಗಾಡಿದರು. ಮಾನ್ವಿ ಕಡೆಯ ಬೀಗರೊಬ್ಬರು ಅಲ್ಲೇ ಕೂತಿದ್ದರು. ಏನೂ ಅನ್ನಲಿಲ್ಲ. ಚಹಾ ಇನ್ನೊಂದು ಕಪ್ ಕೇಳಿ ಕುಡಿದರು.

ನಾಲ್ಕನೇ ಕೌಂಟರು ಮದುವೆಯದು, ಕುಷ್ಟಗಿಯಲ್ಲಿತ್ತು. ಹುಡುಗಿಯ ತಂದೆ ದಾಳಿಂಬೆ ತೋಟದವರು. 2023ರಲ್ಲಿ ತಾವಾಗಿ ಬಂದು, "ನಮಗ ಎಂ.ಎಸ್. ಹುಡುಗನ ಬೇಕು" ಅಂದಿದ್ದರು. ಅವರಿಗೆ ಹೇಳಿದ ಗುರಿ ಗ್ರೀನ್ ಕಾರ್ಡು. ಕಳೆದ ದೀಪಾವಳಿಗೆ ಫೋನ್ ಮಾಡಿ, "ಜಾತಕ ಕೂಡಿಲ್ರಿ" ಅಂದರು. ಎರಡು ವರ್ಷ ಕೂಡಿದ್ದ ಜಾತಕ ಅಮೆರಿಕದ ಅಧ್ಯಕ್ಷರ ರುಜು ಬಿದ್ದ ತಿಂಗಳೊಪ್ಪತ್ತಿನಲ್ಲಿ ಬಿಟ್ಟುಹೋಯಿತು. ಈಗ ಗೊತ್ತುಮಾಡಿದ ವರ ಇದೇ ಜಿಲ್ಲೆಯ ಎರಡನೇ ದರ್ಜೆ ಸಹಾಯಕ. ಈ ಭಾಗದ 'ಸಿ' ಗುಂಪಿನ ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ, ಅದರಲ್ಲಿ ಬಂದವನು. ಕಂಪ್ಯೂಟರ್ ಗೊತ್ತೇ ಎಂದು ಕೇಳಿದ್ದಕ್ಕೆ, "ಟೇಬಲ್ ಮ್ಯಾಲೆ ಐತ್ರಿ" ಅಂದನಂತೆ. ಬಾಯಿಮಾತಿನಲ್ಲೇ ಒಪ್ಪಿಗೆ.

ನಡುವೆ ಒಂದು ಮಾತು. ಇಷ್ಟೆಲ್ಲ ಓಡಾಡುವಾಗ ನಮ್ಮದೇ ಜಿಲ್ಲೆಯಲ್ಲಿ ಒಂದು ವಿಶ್ವವಿದ್ಯಾಲಯ ಹುಟ್ಟಿತ್ತು. 2023ರಲ್ಲಿ ಶುರುವಾದ ಕೊಪ್ಪಳ ವಿಶ್ವವಿದ್ಯಾಲಯ ಕುಕನೂರು ತಾಲ್ಲೂಕಿನ ತಳಕಲ್ಲಿನಲ್ಲಿ, ಎಂಜಿನಿಯರಿಂಗ್ ಕಾಲೇಜಿನ ಕಟ್ಟಡದಲ್ಲಿ ಬಾಡಿಗೆದಾರನ ಹಾಗೆ ಕೂತಿದೆ. 2025ರ ಫೆಬ್ರುವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ, ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚಬಹುದೆಂದು ಹೇಳಿತು. ಹುಟ್ಟಿದ್ದರಿಂದ ಮುಚ್ಚುವ ಮಾತಿನ ತನಕ ಎರಡು ವರ್ಷ. ಅಳಿಯನಿಗೂ ಎಂ.ಎಸ್. ಮುಗಿಸಲು ಅಷ್ಟೇ ಹಿಡಿಯಿತು. ಗವಿಮಠದ ಬೆಟ್ಟದ ಮೇಲಿನ ಅಶೋಕನ ಶಾಸನ ಮಾತ್ರ ಎರಡು ಸಾವಿರದ ಇನ್ನೂರು ವರ್ಷದಿಂದ ಯಾವ ಉಪಸಮಿತಿಗೂ ಹೆದರದೆ ಕೂತಿದೆ. ಸಣ್ಣವರೂ ದೊಡ್ಡವರೂ ಉದ್ಯೋಗಶೀಲರಾಗಿರಿ ಎಂಬುದು ಅದರ ಸಾರ. ಎಲ್ಲಿ, ಯಾವ ವೀಸಾದ ಮೇಲೆ ಎಂದು ಅಶೋಕ ಬರೆಸಿಲ್ಲ.

ಮೊನ್ನೆ ಜಾತ್ರೆ ಮುಗಿದ ವಾರ ಅಕ್ಕ ಮತ್ತೆ ಕರೆದಳು. ಸಣ್ಣ ಮಗನದು ಬಿಇ ಮುಗಿಯುತ್ತದೆ. ವಿಷಯ, ಕೇಳಬೇಕೇ, ಕಂಪ್ಯೂಟರ್ ಸೈನ್ಸ್. "ಅಣ್ಣನ ಗತಿ ನೋಡಿಯೂ ಹೊಂಟಿಯೇನೋ?" ಅಂದೆ. "ಮಾಮಾ, ಅವ ಜನರಲ್ ಸಿಎಸ್. ನಂದು ಎಐ" ಅಂದ. ಅವರ ಮುತ್ತಜ್ಜನೂ ಹೊಲ ಮಾರುವಾಗ ಇಷ್ಟೇ ಖಚಿತವಾಗಿ ಮಾತಾಡಿರಬೇಕು.

ಕನ್ಸಲ್ಟೆನ್ಸಿಯಲ್ಲಿ ಫ್ಲೆಕ್ಸು ಬದಲಾಗಿದೆ. ಹಳೆಯದರ ಮೇಲೆಯೇ ಜರ್ಮನಿಯದು ಅಂಟಿಸಿದ್ದಾರೆ. ಬರ್ಲಿನ್ನಿನ ಕಂಬಗಳ ಮೇಲಿನ ಅಂಚಿನಲ್ಲಿ ಲಿಬರ್ಟಿ ದೇವಿಯ ಪಂಜು ಮಾತ್ರ ಇಣುಕುತ್ತದೆ, ಮುಳುಗುವವನು ಕೈ ಎತ್ತಿದ ಹಾಗೆ. ಜರ್ಮನಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲವಂತೆ, ಆದರೆ ಒಂದು ವರ್ಷದ ಖರ್ಚಿಗೆಂದು 11,904 ಯೂರೋ ಮೊದಲೇ ಖಾತೆಯಲ್ಲಿ ಕಟ್ಟಿಹಾಕಬೇಕು. ಭಾವ ಮಾತ್ರ ಅಮೆರಿಕವನ್ನೂ ಬಿಡಬೇಡಿ ಅನ್ನುತ್ತಾರೆ, ದೊಡ್ಡವನು ಅಲ್ಲೇ ಇದ್ದಾನೆ, ಸೇವೆಯಲ್ಲಿ.

ಅಮೆರಿಕಕ್ಕಾದರೆ ಇನ್ನೊಂದು ತೊಡಕು. 2025ರ ಜೂನಿನಿಂದ ವೀಸಾ ಕೇಳುವ ವಿದ್ಯಾರ್ಥಿಗಳು ಇನ್‌ಸ್ಟಾಗ್ರಾಂ ಮುಂತಾದ ಖಾತೆಗಳ ಬಾಗಿಲು ತೆರೆದಿಡಬೇಕು, ಅಧಿಕಾರಿಗಳು ಒಳಗೆ ಇಣುಕುತ್ತಾರೆ. ಸಣ್ಣವನ ಖಾತೆಯನ್ನು ನಾನು ಮೊದಲು ಇಣುಕಿದೆ. ಅಂಜನಾದ್ರಿಯ 575 ಮೆಟ್ಟಿಲು ಓಡಿ ಹತ್ತಿದ್ದು, ಕೆಎ-37 ಬೈಕಿನ ಮುಂದಿನ ಗಾಲಿ ಎತ್ತಿದ್ದು, ಗೆಳೆಯನ ಹುಟ್ಟುಹಬ್ಬಕ್ಕೆ ನಡುರಸ್ತೆಯಲ್ಲಿ ತಲವಾರಿನಿಂದ ಕೇಕ್ ಕತ್ತರಿಸಿದ್ದು. ಕೊನೆಯದನ್ನು ಕೃಷಿ ಉಪಕರಣ ಎಂದು ಬರೆಯಬಹುದೇ ಎಂದು ವಿಚಾರಿಸುತ್ತಿದ್ದೇನೆ.

ದೊಡ್ಡವನ ಸಾಲದ ಕಂತು ಬರುವ ಮೇ ತಿಂಗಳಿಂದ ಶುರು. ಸೈಟಿನ ಮೇಲೆ ಹಂದಿಗಳು ವಾಪಸ್ಸು ಬಂದಿವೆ. ನಮ್ಮ ಮನೆತನದಲ್ಲಿ ಮರಳಿ ಬರುತ್ತೇವೆಂಬ ಮಾತು ಉಳಿಸಿಕೊಂಡವು ಅವು ಮಾತ್ರ.

ಸಣ್ಣವನ ಗುರಿ ಇನ್ನೂ ಟೈಪ್ ಆಗಿಲ್ಲ. "ಬೆಂಕಿ ರೋಗ ಓವರ್ ಆಗೇತ್ರಿ ಸರ್" ಎಂದು ಆ ಹುಡುಗಿ ಕೈಚೆಲ್ಲಿದ್ದಾಳೆ. ದಾಳಿಂಬೆಯೂ ಮುಗಿದಿದೆ. ಕಿನ್ನಾಳ ಗೊಂಬೆಯನ್ನು ಹೋದ ವರ್ಷ ಒಂದೇ ಬ್ಯಾಚಿನಲ್ಲಿ ಹನ್ನೊಂದು ಹುಡುಗರು ಉಳಿಸಿದ್ದಾರೆ. ಕೊಪ್ಪಳ ಜಿಲ್ಲೆಯ ಸಜ್ಜೆಗೋ ತೊಗರಿಗೋ ಕಡಲೆಗೋ ಬರುವ, ಇನ್ನೂ ಯಾರೂ ಬರೆಯದ, ಇಂಗ್ಲಿಷಿನಲ್ಲಿ ಹೇಳಲು ಚೆನ್ನಾಗಿರುವ ರೋಗ ಯಾವುದಾದರೂ ಓದುಗರಿಗೆ ಗೊತ್ತಿದ್ದರೆ ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆದು ತಿಳಿಸಿ. ಅರ್ಜಿಗೆ ಕೊನೇ ದಿನ ಹತ್ತಿರ ಬಂದಿದೆ.